ಮಳೆ ಹಿಡಿಯುವ ಮೊದಲು ಹೊಸ ಟ್ಯಾಬ್ ಸಜ್ಜು ಮಾಡಿಕೊಳ್ಳುವುದು ಹೇಗೆ

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮಾವನಿಗೆ ಈಗ ಎಪ್ಪತ್ತೊಂಬತ್ತು. 1974ರಿಂದ ಅವರು ದಿನಾ ಬೆಳಿಗ್ಗೆ ಅಂಗಳದ ಮೂಲೆಯ ಮಳೆಮಾಪಕದ ನೀರು ಅಳೆದು ನೋಟ್‌ಬುಕ್ಕಿಗೆ ಬರೆಯುತ್ತಾ ಬಂದಿದ್ದಾರೆ: ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು). 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಜರಿದು ಮನೆ ಬಿಟ್ಟು ಹೊರಟಾಗ ಒಡವೆ, ಪಹಣಿಯ ಜೊತೆ ಆ ನೋಟ್‌ಬುಕ್ಕುಗಳನ್ನೂ ಗೊಬ್ಬರದ ಚೀಲದಲ್ಲಿ ಕಟ್ಟಿ ಒಯ್ದಿದ್ದೆವು. ವಾಪಸ್ ಬಂದು ಬಿಚ್ಚಿದರೆ ಮೂರು ಪುಸ್ತಕಗಳ ಹಾಳೆ ಒಂದಕ್ಕೊಂದು ಅಂಟಿ, ಶಾಯಿ ಹರಡಿಹೋಗಿತ್ತು. ಆ ಲೆಕ್ಕವನ್ನು ನೀರು ತಾಗದ ಕಡೆ ಇಡಬೇಕು ಅಂತ ಆವತ್ತಿನಿಂದ ಮನಸ್ಸಿನಲ್ಲಿತ್ತು.

2025ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ ಮಾರುಕಟ್ಟೆಗೆ ಬಂತು. ಅದೇ ತಿಂಗಳ ಕೊನೆಗೆ ತಂದೆ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಮುಟ್ಟಿ, ನಮ್ಮಲ್ಲೂ ಮೇ ಕೊನೆಯ ವಾರಕ್ಕೇ ಜಡಿ ಹಿಡಿಯಿತು. ಹಾಗಾಗಿ ಸಜ್ಜು ಮಾಡಿಕೊಳ್ಳಲು ಸಿಕ್ಕಿದ್ದು ಒಂದು ತಿಂಗಳು ಮಾತ್ರ. ಎರಡು ತಿಂಗಳು ಬಳಸಿದ ಮೇಲೆ ನನಗೆ ಗಟ್ಟಿಯಾಗಿ ತಿಳಿದದ್ದು ಇಷ್ಟು. ನಮ್ಮಂಥ ಕಡೆ ಟ್ಯಾಬ್ ಕೆಲಸಕ್ಕೆ ಬರಬೇಕಾದರೆ ಕರೆಂಟ್ ಇಲ್ಲದೆ, ನೆಟ್ ಇಲ್ಲದೆ, ಒದ್ದೆ ಕೈಯಲ್ಲಿ ನಡೆಯಬೇಕು. ಆ ಮೂರಕ್ಕೂ ತಯಾರಿ ಬಿಸಿಲಿರುವಾಗಲೇ ಆಗಬೇಕು.

ಕೊಳ್ಳುವಾಗ ಮೊದಲು ಕೇಳಬೇಕಾದ್ದು ಐಪಿ68 ಇದೆಯಾ ಅಂತ. ಇದರಲ್ಲಿದೆ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 8 ಅಂದರೆ ನೀರಲ್ಲಿ ಮುಳುಗಿದರೂ ತಡೆಯುತ್ತೆ. ಒಂದೂವರೆ ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಎಂಬುದು ಕಂಪನಿ ಕೊಡುವ ಅಳತೆ. ಸಿಹಿನೀರು ಅನ್ನುವ ಮಾತನ್ನು ಗಮನಿಸಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಡಿದರೆ ಆ ಅಳತೆ ಅನ್ವಯಿಸುವುದಿಲ್ಲ, ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಔಷಧಿ ಹೊಡೆಯುವ ದಿನ ನಾನಂತೂ ತೋಟಕ್ಕೆ ಒಯ್ಯುವುದೇ ಇಲ್ಲ.

ಸಿಮ್ ಹಾಕುವ ಮಾದರಿ ಬೇಕಾ, ವೈಫೈ ಮಾತ್ರದ್ದು ಸಾಕಾ? ನಾನು ವೈಫೈ ಮಾತ್ರದ್ದು ತಗೊಂಡೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಬಲತುದಿಯಲ್ಲಿ, ಅದೂ ಮಳೆ ಬಿಟ್ಟಾಗ. ಅಲ್ಲಿ ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಕೆಲಸ ಮುಗಿಯುತ್ತೆ. ಇನ್ನೊಂದು ಸಿಮ್‌ಗೆ ದುಡ್ಡು ಹಾಕಿದರೆ ಸಿಗ್ನಲ್ ಹೆಚ್ಚಾಗುವುದಿಲ್ಲ. ಉಳಿದ ದುಡ್ಡಿಗೆ ಮೆಮೊರಿ ಕಾರ್ಡ್, ಚಾರ್ಜರ್ ತನ್ನಿ. ಡಬ್ಬಿಯಲ್ಲಿ ಪೆನ್ನು ಮತ್ತು ಕೇಬಲ್ ಇರುತ್ತೆ, ಚಾರ್ಜರ್ ಇರುವುದಿಲ್ಲ. ಇದು 45 ವ್ಯಾಟ್ ತನಕ ಎಳೆದುಕೊಳ್ಳುತ್ತೆ. ಕರೆಂಟ್ ಬಂದು ಒಂದು ಗಂಟೆಗೆ ಮತ್ತೆ ಹೋಗುವ ಊರಿನಲ್ಲಿ ಆ ವೇಗ ಬೇಕೇ ಬೇಕು. ಹಳೇ ಫೋನಿನ ಚಾರ್ಜರ್‌ಗೆ ಹಾಕಿದರೆ ಆ ಒಂದು ಗಂಟೆಯಲ್ಲಿ ಹೆಚ್ಚೇನೂ ಏರುವುದಿಲ್ಲ.

ಇನ್ನು ಪೆನ್ನಿನ ವಿಷಯ. ಈ ಟ್ಯಾಬಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಮಾವ ಕೊಡೆ ಹಿಡಿದು ಮಳೆಮಾಪಕದ ಹತ್ತಿರ ಹೋಗಿ, ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬಂದರು. ಕೈ ಪೂರ್ತಿ ಒದ್ದೆ. ಜಗಲಿಯಲ್ಲಿ ಟ್ಯಾಬ್ ತೆರೆದಿಟ್ಟಿದ್ದೆ. ಅವರು ಬೆರಳಿಟ್ಟರೆ ಪುಟ ಒಂದು ಕಡೆ ಜಾರಿತು, ಹನಿ ಬಿದ್ದಲ್ಲಿ ಇನ್ನೇನೋ ತೆರೆದುಕೊಂಡಿತು. ‘ಇದು ಬೇಡ ಮಗಾ, ನನ್ನ ಪುಸ್ತಕ ಕೊಡು’ ಅಂದರು. ‘ಮಾವ, ಬೆರಳು ಬಿಡಿ, ಇದರಲ್ಲಿ ಬರೀರಿ’ ಅಂತ ಪೆನ್ನು ಕೈಗಿಟ್ಟೆ. ಪರದೆಯ ಮೇಲೆ ನೀರಿರುವಂತೆಯೇ ಅವರು ಬರೆದರು: 2 ಇಂಚು 35 ಸೆಂಟು. ನೋಟ್‌ಬುಕ್ಕಿನಲ್ಲಿ ಹೇಗೋ ಹಾಗೇ, 5ರ ಬಾಲ ಎಳೆದು. ಆಮೇಲೆ ಪುಸ್ತಕ ಕೇಳಿಲ್ಲ.

ಕಾರಣ ಹೀಗಿದೆ. ಬೆರಳು ತಾಗಿದ್ದನ್ನು ಪರದೆ ಗುರುತಿಸುವುದು ವಿದ್ಯುತ್ತಿನ ಸಣ್ಣ ವ್ಯತ್ಯಾಸದಿಂದ. ನೀರೂ ವಿದ್ಯುತ್ ಹರಿಸುತ್ತೆ, ಅದಕ್ಕೇ ಹನಿ ಬಿದ್ದರೂ ಬೆರಳು ಅಂದುಕೊಳ್ಳುತ್ತೆ. ಇದು ಹೆಚ್ಚಿನ ಟ್ಯಾಬ್, ಫೋನುಗಳ ಸ್ವಭಾವ. ಈ ಪೆನ್ನು ಮಾತ್ರ ಪರದೆಯ ಹಿಂದಿನ ಪದರದಿಂದ ಬರುವ ಕಾಂತಕ್ಷೇತ್ರದಿಂದ ನಡೆಯುತ್ತೆ. ನೀರು ಅದಕ್ಕೆ ಅಡ್ಡ ಬರುವುದಿಲ್ಲ, ಪೆನ್ನನ್ನು ಚಾರ್ಜ್ ಮಾಡುವ ಕೆಲಸವೂ ಇಲ್ಲ. ವಯಸ್ಸಾದವರಿಗೆ ಟ್ಯಾಬ್ ಕೊಡುವವರು ಪೆನ್ನಿರುವುದನ್ನೇ ಕೊಡಿ. ಟ್ಯಾಬಿನ ತೂಕ ಅರ್ಧ ಕೆ.ಜಿ.ಗೆ ಸ್ವಲ್ಪ ಕಮ್ಮಿ, ಒಂದೇ ಕೈಯಲ್ಲಿ ಬಹಳ ಹೊತ್ತು ಹಿಡಿಯುವುದು ಅವರಿಗೆ ಕಷ್ಟ. ಜಗಲಿಯಲ್ಲಿ ಒಂದು ಇಳಿಜಾರು ಹಲಗೆ ಹಾಕಿಕೊಟ್ಟರೆ ಸಾಕು.

ಮಳೆಯ ಲೆಕ್ಕ ನಾನು ಗೂಗಲ್ ಶೀಟ್ಸ್‌ನಲ್ಲಿ ಮಾಡಿದ್ದೇನೆ. ಮೊದಲ ಕಾಲಂ ತಾರೀಕು, ಎರಡನೆಯದು ಇಂಚು, ಮೂರನೆಯದು ಮಿಲಿಮೀಟರ್. ನೂರು ಸೆಂಟಿಗೆ ಒಂದು ಇಂಚು, ಆದ್ದರಿಂದ 2 ಇಂಚು 35 ಸೆಂಟನ್ನು 2.35 ಅಂತ ತುಂಬಬೇಕು. 5 ಸೆಂಟು ಮಾತ್ರ ಬಂದ ದಿನ 0.05, ಇಲ್ಲಿ ಸೊನ್ನೆ ಮರೆತರೆ ಲೆಕ್ಕ ಹತ್ತು ಪಟ್ಟು ಆಗಿಬಿಡುತ್ತೆ. ಮೂರನೇ ಕಾಲಮಿನಲ್ಲಿ ಎರಡನೆಯದನ್ನು 25.4ರಿಂದ ಗುಣಿಸುವ ಸೂತ್ರ ಹಾಕಿ, 59.69 ತಾನೇ ಬರುತ್ತೆ. ತೋಟದವರ ಲೆಕ್ಕ ಇಂಚಿನಲ್ಲಿ, ಪತ್ರಿಕೆಯಲ್ಲಿ ಬರುವುದು ಮಿಲಿಮೀಟರಿನಲ್ಲಿ. ಎರಡೂ ಪಕ್ಕಪಕ್ಕ ಇದ್ದರೆ ಹೋಲಿಸಲು ಸುಲಭ.

ಈ ಫೈಲಿಗೆ ‘ಆಫ್‌ಲೈನ್’ ಅನ್ನುವುದನ್ನು ನೆಟ್ ಇರುವಾಗಲೇ ಒತ್ತಿಡಬೇಕು. ಫೈಲಿನ ಹೆಸರಿನ ಪಕ್ಕದ ಮೂರು ಚುಕ್ಕೆಯಲ್ಲಿ ಅದು ಸಿಗುತ್ತೆ. ಒತ್ತಿದ ಮೇಲೆ ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫೈಲ್ ತೆರೆದು, ಒಂದು ಸಾಲು ತುಂಬಿ ನೋಡಿ. ತುಂಬಲು ಬಂತಾ, ಸರಿ. ಈ ಪರೀಕ್ಷೆ ಬಿಡಬೇಡಿ. ಕೆಲಸದವರ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ಫೈಲಿಗೆ ನಾನು ಇದನ್ನು ಮಾಡಿರಲಿಲ್ಲ. ಒಂದು ಶನಿವಾರ ಬಟವಾಡೆಗೆ ಎಲ್ಲರೂ ಬಂದು ನಿಂತಿದ್ದಾರೆ, ಫೈಲ್ ತೆರೆಯುತ್ತಿಲ್ಲ, ನೆಟ್ ಎರಡು ದಿನದಿಂದ ಇಲ್ಲ. ಯಾರು ಎಷ್ಟು ದಿನ ಬಂದಿದ್ದರು ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ದುಡ್ಡು ಕೊಟ್ಟೆ. ಅವರು ಹೇಳಿದ್ದರಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆದರೂ ಕೆಲಸ ಮಾಡಿದವರನ್ನು ಹಾಗೆ ನಿಲ್ಲಿಸಿ ಕೇಳುವಂತಾಗಬಾರದಿತ್ತು.

ಕನ್ನಡಕ್ಕೆ ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್ ಹಾಕಿಕೊಳ್ಳಿ. ಭಾಷೆ ಸೇರಿಸುವಾಗ ಕೈಬರಹದ ಆಯ್ಕೆಯೂ ಇರುತ್ತೆ. ಅದನ್ನು ಹಾಕಿದರೆ ಪೆನ್ನಿನಿಂದ ಬರೆದದ್ದು ಅಚ್ಚಿನ ಅಕ್ಷರವಾಗುತ್ತೆ. ಒತ್ತಕ್ಷರ ಸ್ವಲ್ಪ ಬಿಡಿಸಿ ಬರೆದರೆ ಸರಿಯಾಗಿ ಹಿಡಿಯುತ್ತೆ.

ಕರೆಂಟಿನ ಲೆಕ್ಕಕ್ಕೆ ಬರೋಣ. ಬ್ಯಾಟರಿ 8,000 ಎಂಎಎಚ್. ಹಾಗಾದರೆ 20,000ದ ಪವರ್‌ಬ್ಯಾಂಕಿನಿಂದ ಎರಡೂವರೆ ಸಲ ತುಂಬಬಹುದು ಅಂತ ಅನ್ನಿಸುತ್ತೆ, ಆದರೆ ಆಗುವುದಿಲ್ಲ. ವೋಲ್ಟೇಜ್ ಏರಿಸುವಾಗ, ಬಿಸಿಯಾಗುವಾಗ ಶಕ್ತಿ ಸೋರುತ್ತೆ. ಒಂದೂವರೆ ಸಲ ಅಂತ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಲೆಕ್ಕ ಬರೆದು ಉಳಿದ ಹೊತ್ತು ಪೂರ್ತಿ ಆಫ್ ಮಾಡಿಟ್ಟರೆ ನಮಗೆ ಅದು ಒಂದು ವಾರಕ್ಕಿಂತ ಹೆಚ್ಚು ಬರುತ್ತೆ. ಅದೂ ಮುಗಿದರೆ ಜೀಪಿನ ಲೈಟರ್ ಸಾಕೆಟ್ಟಿಗೆ ಹಾಕುವ ಸಿ ಪಿನ್ನಿನ ಚಾರ್ಜರ್ ಇದೆ, ಪೇಟೆಗೆ ಹೋಗಿ ಬರುವಷ್ಟರಲ್ಲಿ ಸಾಕಷ್ಟು ಏರುತ್ತೆ. ಬ್ಯಾಟರಿ ಬಾಳಿಕೆಗೆ ಚಾರ್ಜು 80ಕ್ಕೆ ನಿಲ್ಲಿಸುವ ವ್ಯವಸ್ಥೆ ಸೆಟ್ಟಿಂಗ್ಸಿನಲ್ಲಿದೆ. ಬೇಸಿಗೆಯಲ್ಲಿ ಅದನ್ನು ಹಾಕಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆಗೆದುಬಿಡಿ, ಆಗ ಕೊನೆಯ ಇಪ್ಪತ್ತೂ ಬೇಕಾಗುತ್ತೆ.

ಚಾರ್ಜಿಗೆ ಹಾಕಿದಾಗ ನೀರಹನಿಯ ಗುರುತು ತೋರಿಸಿ ಚಾರ್ಜ್ ಆಗದಿದ್ದರೆ ಗಾಬರಿ ಬೇಡ. ಪಿನ್ ಹಾಕುವ ತೂತಿನಲ್ಲಿ ತೇವ ಇದೆ ಅಂತ ಅರ್ಥ. ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಕರೆಂಟಿಲ್ಲದಿದ್ದರೆ ಗಾಳಿಯಾಡುವ ಕಡೆ ಬಿಟ್ಟು ಕಾಯಿರಿ. ಕಡ್ಡಿ, ಸೂಜಿ ಹಾಕಬಾರದು. ಅಕ್ಕಿಯಲ್ಲಿ ಹೂಳಬಾರದು, ಅಕ್ಕಿಯ ಹುಡಿ ಅದೇ ತೂತಿಗೆ ಹೋಗಿ ಕೂರುತ್ತೆ. ಎಲ್ಲಕ್ಕಿಂತ ಮುಖ್ಯ, ಒಲೆಯ ಮೇಲಿನ ಅಟ್ಟಕ್ಕೆ ಇಡಬೇಡಿ. ಮಳೆಗಾಲದಲ್ಲಿ ಬಟ್ಟೆಯಿಂದ ಹಿಡಿದು ಹುಣಸೆಹಣ್ಣಿನ ತನಕ ಎಲ್ಲವೂ ಒಲೆಯ ಬಿಸಿಗೆ ಹೋಗುವುದು ನಮ್ಮ ಮನೆಗಳ ರೂಢಿ. ನಮ್ಮತ್ತೆಯೂ ಅಕ್ಕರೆಯಿಂದ ಟ್ಯಾಬನ್ನು ಅಲ್ಲಿಗೇ ಒಯ್ಯಲು ಹೊರಟಿದ್ದರು. ಲಿಥಿಯಂ ಬ್ಯಾಟರಿಗೆ ಬಿಸಿ ಆಗುವುದಿಲ್ಲ, ಉಬ್ಬುವ ಅಪಾಯ ಉಂಟು.

ಚರ್ಮದ ಕವರ್ ಕೊಳ್ಳಬೇಡಿ, ಎರಡೇ ವಾರದಲ್ಲಿ ಬೂಷ್ಟು ಬರುತ್ತೆ. ರಬ್ಬರಿನದ್ದೇ ಸರಿ. ರಾತ್ರಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಳೇ ಪುಸ್ತಕ ಉಳಿಸಿಕೊಳ್ಳುವ ಕೆಲಸ ನಿಧಾನದ್ದು. ಅಂಟಿದ ಹಾಳೆಗಳನ್ನು ಎಳೆಯಲೇಬೇಡಿ. ಬಿಡಿಸಿಕೊಳ್ಳುವಷ್ಟನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಗೂಗಲ್ ಡ್ರೈವ್ ಆಪಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ. ಶಾಯಿ ಮಾಸಿದ ಪುಟಕ್ಕೆ ಬೆಳಕು ಪಕ್ಕದಿಂದ ಬೀಳಲಿ, ಆಗ ಪೆನ್ನಿನ ಮೊನೆ ಕಾಗದದಲ್ಲಿ ಒತ್ತಿದ ಗೆರೆಯೂ ಕಾಣುತ್ತೆ. ಫೈಲಿನ ಹೆಸರು ಇಸವಿ, ತಿಂಗಳು ಅಷ್ಟೇ ಇರಲಿ: 1981-07. ಹಾಗಿಟ್ಟರೆ ತಾನೇ ಸಾಲಾಗಿ ನಿಲ್ಲುತ್ತೆ. ಒಂದು ಪ್ರತಿ ಡ್ರೈವ್‌ನಲ್ಲಿ, ಒಂದು ಮೆಮೊರಿ ಕಾರ್ಡಿನಲ್ಲಿ. ಆ ಕಾರ್ಡನ್ನು ತಿಂಗಳಿಗೊಮ್ಮೆ ಬದಲಿಸಿ ಮೈಸೂರಿನಲ್ಲಿರುವ ಮಗಳ ಹತ್ತಿರ ಕಳಿಸುತ್ತೇನೆ. ಕಾರ್ಡ್ ತೆಗೆದು ಇನ್ನೊಂದು ಹಾಕಿದ ಮೇಲೆ ಅದು ಕೂರುವ ತಟ್ಟೆ ಪೂರ್ತಿ ಒಳಗೆ ಹೋಗಿದೆಯಾ ನೋಡಿ, ಇಲ್ಲದಿದ್ದರೆ ನೀರು ಅಲ್ಲಿಂದ ಇಳಿಯುತ್ತೆ.

ಸ್ಕ್ಯಾನ್ ಆದದ್ದನ್ನು ಶೀಟಿಗೆ ತುಂಬಲು ಸಂಜೆ ಹೊತ್ತು ಇಟ್ಟುಕೊಂಡಿದ್ದೇವೆ. ಮಾವ ಪುಟವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿಕೊಂಡು ತಮ್ಮದೇ ಅಕ್ಷರ ಓದುತ್ತಾರೆ, ನಾನು ಅದನ್ನು ಒಂದು ಹಾಳೆಗೆ ಇಳಿಸಿಕೊಂಡು ಆಮೇಲೆ ತುಂಬುತ್ತೇನೆ. ನಿನ್ನೆ 1981ರ ಜುಲೈ ಮುಗಿಯಿತು.