ಎತ್ತರದ ಹುಡುಗನನ್ನು ಡಿಫೆಂಡರ್ ಮಾಡಿದ ಬಗೆ: ಹಾಕಿ ಆಟಗಾರ ಖಾರಾ ಅವರ ಹಾದಿ ಹಿಡಿದ ನನ್ನ ಅನುಭವ

ಒಂದೂವರೆ ವರ್ಷದೊಳಗೆ ಸುಮಾರು 18 ಸೆಂಟಿಮೀಟರ್ ಬೆಳೆದುಬಿಟ್ಟ ನನ್ನ ಮಗನಿಗೆ ಐಸ್ ಹಾಕಿ ಆಟ ಬಿಡಿಸಿ ಬಾಸ್ಕೆಟ್‌ಬಾಲ್‌ಗೆ ಸೇರಿಸುವುದೇ ಒಳ್ಳೆಯದೆಂದು ನನಗೆ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಅವನ ಆಗಿನ ಕೋಚ್ ಹೇಳಿದರು, ಜೊತೆಯ ಹುಡುಗರ ತಂದೆಯರು ಹೇಳಿದರು, ಕೆನಡಾದಲ್ಲಿ ಮಕ್ಕಳನ್ನು ರಿಂಕಿಗೆ ಕರೆದೊಯ್ಯುವ ನನ್ನ ಇಬ್ಬರು ಕನ್ನಡಿಗ ಗೆಳೆಯರೂ ಹೇಳಿದರು. ಈ ಋತುವಿನಲ್ಲಿ ಅದೇ ಹುಡುಗ ದೊರಾಸ್ತ್ ತಂಡದ, ಅಂದರೆ ಹದಿಹರೆಯದವರ ತಂಡದ, ಮೊದಲ ಜೋಡಿಯಲ್ಲಿ ಡಿಫೆಂಡರ್ ಆಗಿ ಆಡುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡುವ ಧೈರ್ಯ ಈಗ ಬಂದಿದೆ. ಸ್ಕೇಟ್ ಕಟ್ಟುವುದು, ಸ್ಟಿಕ್ ಆರಿಸುವುದು ಗೊತ್ತಿರುವ ತಂದೆತಾಯಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಡಿಕೇರಿ ಕಡೆಯವನು. 2018ರಲ್ಲಿ ನಿತ್ರಾದ ಕಾರು ಕಾರ್ಖಾನೆಯ ಕೆಲಸಕ್ಕೆಂದು ಸ್ಲೊವಾಕಿಯಾಕ್ಕೆ ಬಂದಾಗ ಮಗನಿಗೆ 8 ವರ್ಷ. ಇಲ್ಲಿಯ ಮಕ್ಕಳು ಐದಕ್ಕೇ ಸ್ಕೇಟ್ ಕಟ್ಟುವುದರಿಂದ ಅವನು ಆರಂಭದಲ್ಲೇ ಮೂರು ವರ್ಷ ಹಿಂದಿದ್ದ. ಊರಿನವರು ‘ಜಿಮಾಕ್’ ಎಂದು ಕರೆಯುವ ಚಳಿಗಾಲದ ಕ್ರೀಡಾಂಗಣದಲ್ಲಿ ಬೆಳಗಿನ 6 ಗಂಟೆಯ ಅಭ್ಯಾಸವನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಹೀಗಾಗಿ 13ರ ಹೊತ್ತಿಗೆ ಆ ಅಂತರವೇನೋ ತುಂಬಿತು, ಆದರೆ ಅಷ್ಟರಲ್ಲೇ ಮೈ ಬೆಳೆಯತೊಡಗಿ ಕಾಲುಗಳು ಅವನ ಮಾತು ಕೇಳುವುದನ್ನು ನಿಲ್ಲಿಸಿದವು.

ಇಲ್ಲಿಯ ತ್ರೆಂಚೀನ್ ಊರಿನ ಹೆಸರಾಂತ ಡಿಫೆಂಡರ್ ಜ್ದೆನೊ ಖಾರಾ ಅವರ ವೃತ್ತಿಜೀವನವನ್ನು ನಾನು ಕೂತು ಓದಿದ್ದು ಆಗ. ಅಮೆರಿಕದವರು ಚಾರಾ ಎನ್ನುತ್ತಾರೆ, ಇಲ್ಲಿ ಖಾರಾ ಎಂದೇ ಹೇಳಬೇಕು. 206 ಸೆಂಟಿಮೀಟರ್ ಎತ್ತರದ ಅವರಿಗೂ ಹುಡುಗನಾಗಿದ್ದಾಗ ಬಾಸ್ಕೆಟ್‌ಬಾಲ್ ಆಡೆಂದೇ ಹೇಳಿದ್ದರಂತೆ. ಈ ಕತೆ ಸ್ಲೊವಾಕಿಯಾದಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲ ತಂದೆಯರೂ ಇದನ್ನು ಮಕ್ಕಳಿಗೆ ಹುರುಪು ತುಂಬಲು ಹೇಳುತ್ತಾರೆ. ನಾನು ಅದನ್ನು ವೇಳಾಪಟ್ಟಿಯಂತೆ ಓದಿದೆ, ನನ್ನ ವಿಧಾನವೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 1996ರ ಆಯ್ಕೆಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಅವರನ್ನು ಆರಿಸಿದ್ದು ಮೂರನೆಯ ಸುತ್ತಿನಲ್ಲಿ, 56ನೆಯವರಾಗಿ. ಅಲ್ಲಿಂದ ಅವರು ಕೆನಡಾದ ಪ್ರಿನ್ಸ್ ಜಾರ್ಜ್‌ನ ಜೂನಿಯರ್ ತಂಡಕ್ಕೆ ಹೋದರು. ಆನಂತರ ಐಲ್ಯಾಂಡರ್ಸ್ ಪರವಾಗಿ ಆಡಿದ ನಾಲ್ಕು ಋತುಗಳಲ್ಲಿ ಹೊಡೆದದ್ದು ಬೆರಳೆಣಿಕೆಯ ಗೋಲುಗಳನ್ನು ಮಾತ್ರ. 2001ರಲ್ಲಿ ಅಲೆಕ್ಸೆಯ್ ಯಾಶಿನ್ ಎಂಬ ಆಟಗಾರನನ್ನು ಪಡೆಯಲು ಆ ತಂಡ ಖಾರಾ ಅವರನ್ನು ಒಟ್ಟಾವಾ ತಂಡಕ್ಕೆ ಕೊಟ್ಟುಬಿಟ್ಟಿತು. ಬಾಸ್ಟನ್ ಸೇರಿ ನಾಯಕರಾದದ್ದು 2006ರಲ್ಲಿ, ಅತ್ಯುತ್ತಮ ಡಿಫೆಂಡರ್‌ಗೆ ಸಲ್ಲುವ ನಾರಿಸ್ ಟ್ರೋಫಿ ಬಂದದ್ದು 2009ರಲ್ಲಿ, ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ್ದು 2011ರಲ್ಲಿ. ಗಂಟೆಗೆ 175 ಕಿಲೋಮೀಟರ್ ವೇಗದ ಆ ಪ್ರಸಿದ್ಧ ಹೊಡೆತ 2012ರದು, ಆಗ ಅವರಿಗೆ 34 ವರ್ಷ.

ಈ ಕ್ರಮವನ್ನು ಗಮನಿಸಬೇಕಾದ ನಾನು ಮೊದಲು ಮಾಡಿದ್ದು ನೇರ ತಿರುಗುಮುರುಗು. ಎಲ್ಲರಂತೆ ಆ ಹೊಡೆತಕ್ಕೇ ಮರುಳಾಗಿ, ಎತ್ತರವಿದ್ದ ಮೇಲೆ ಸ್ಲ್ಯಾಪ್‌ಶಾಟ್, ಅಂದರೆ ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಹೊಡೆಯುವ ಹೊಡೆತ, ತಾನಾಗಿಯೇ ಬರುತ್ತದೆಂದು ನಂಬಿ, 85 ಫ್ಲೆಕ್ಸಿನ (ಫ್ಲೆಕ್ಸ್ ಎಂದರೆ ಸ್ಟಿಕ್ಕಿನ ಬಿಗಿತದ ಅಳತೆ, ಹೆಚ್ಚಿದಷ್ಟೂ ಬಿಗಿ) ಹೊಸ ಸ್ಟಿಕ್ಕೊಂದನ್ನು ಸುಮಾರು 230 ಯೂರೋ ಕೊಟ್ಟು ತಂದೆ. ಆಗ 68 ಕಿಲೋ ತೂಗುತ್ತಿದ್ದ ಹುಡುಗನ ಕೈಯಲ್ಲಿ ಅದು ಬಾಗಲೇ ಇಲ್ಲ. ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ನೆಲಕ್ಕಂಟಿಕೊಂಡು ಹೋಗಿ ಎದುರಾಳಿಯ ಸ್ಕೇಟಿಗೆ ಬಡಿಯುತ್ತಿತ್ತು. ಮೂರು ತಿಂಗಳು ಅದರಲ್ಲೇ ಕಳೆದು ಅವನ ಬಲ ಮಣಿಕಟ್ಟು ಊದಿಕೊಂಡಿತು, ತಂಡದಲ್ಲಿದ್ದ ಜಾಗವೂ ಹೋಯಿತು. ಆ ಸ್ಟಿಕ್ಕನ್ನು ನೆಲಮಾಳಿಗೆಯಲ್ಲಿಟ್ಟೆ.

ಅಲ್ಲಿಂದ ಮೊದಲು ಕಾಲು, ಆಮೇಲೆ ಸ್ಟಿಕ್ಕಿನ ನಿಲುಕು, ಕೊನೆಗೆ ಹೊಡೆತ ಎಂದು ಕ್ರಮವನ್ನು ಬದಲಿಸಿದೆ.

ಕಾಲಿನ ಕೆಲಸದಲ್ಲಿ ದುಡ್ಡು ಹೋದದ್ದು ಸ್ಕೇಟಿಗೆ. ಎರಡು ಚಳಿಗಾಲಕ್ಕೆ ನಾಲ್ಕು ಜೊತೆ ಬೇಕಾದವು. ಮೊದಲನೆಯದನ್ನು ಹೊಸದಾಗಿ ಕೊಂಡು ಐದು ತಿಂಗಳಲ್ಲಿ ಸಣ್ಣದಾದ ಮೇಲೆ, ಉಳಿದ ಮೂರನ್ನೂ ಹಳೆಯದರಲ್ಲೇ 90ರಿಂದ 120 ಯೂರೋದೊಳಗೆ ಹುಡುಕಿದೆ. ಅದಕ್ಕಿಂತ ದೊಡ್ಡ ಸಂಗತಿ ಸಾಣೆಯದು. ಚಿಕ್ಕವನಿದ್ದಾಗಿನ 13 ಮಿಲಿಮೀಟರ್ ಹಾಲೋವನ್ನೇ (ಬ್ಲೇಡಿನ ತಳದ ಬಾಗಿದ ತೋಡಿನ ಅಳತೆ, ಚಿಕ್ಕದಾದಷ್ಟೂ ತೋಡು ಆಳ) ನಾವು ಮುಂದುವರಿಸಿದ್ದೆವು. ತೂಕ ಏರಿದ ಮೇಲೆ ಆ ಅಂಚು ಮಂಜುಗಡ್ಡೆಯೊಳಕ್ಕೆ ಆಳವಾಗಿ ಕಚ್ಚುತ್ತಿದ್ದುದರಿಂದ ಹಿಮ್ಮುಖವಾಗಿ ಜಾರುವಾಗ ಅವನ ಕಾಲು ಸಿಕ್ಕಿಹಾಕಿಕೊಳ್ಳುತ್ತಿತ್ತು, ಕೋಚ್ ಅದನ್ನು ಸೋಮಾರಿತನವೆಂದು ತಿಳಿದಿದ್ದರು. 16ಕ್ಕೆ ಬದಲಿಸಿದ ವಾರದಲ್ಲೇ ವ್ಯತ್ಯಾಸ ಕಾಣಿಸಿತು. 19ಕ್ಕೂ ಹೋಗಿ ನೋಡಿದೆ, ತಿರುವಿನಲ್ಲಿ ಹಿಡಿತವೇ ಸಿಗಲಿಲ್ಲ, ಮತ್ತೆ 16ಕ್ಕೇ ಬಂದೆ.

ಪ್ರತಿ ಸಾಣೆಗೂ ಕೊಡುವ ಐದಾರು ಯೂರೋ ಉಳಿಸೋಣವೆಂದು ಹಳೆಯ ಸಾಣೆ ಯಂತ್ರವೊಂದನ್ನು 550 ಯೂರೋಗೆ ತಂದು, ಕಾರ್ಖಾನೆಯಲ್ಲಿ ಲೋಹ ಉಜ್ಜಿದ ಕೈ ಎಂಬ ಹೆಮ್ಮೆಯಿಂದ ಮೊದಲ ದಿನವೇ ಒಂದು ಜೊತೆ ಬ್ಲೇಡ್ ಹಾಳುಮಾಡಿದೆ. ಒತ್ತಿ ಹಿಡಿದದ್ದರಿಂದ ಉಕ್ಕು ಬಿಸಿಯಾಗಿ ನೀಲಿಗಟ್ಟಿತು, ಒಳ ಅಂಚು ಹೊರ ಅಂಚಿಗಿಂತ ಎತ್ತರವಾಯಿತು. ಈಗ ಹಗುರಾಗಿ ಆರೇಳು ಸಲ ಓಡಿಸಿ, ಬ್ಲೇಡಿನ ಮೇಲೆ ನಾಣ್ಯವನ್ನು ಅಡ್ಡಲಾಗಿಟ್ಟು ಎರಡೂ ಅಂಚು ಸಮವಾಗಿವೆಯೇ ಎಂದು ನೋಡಿಯೇ ಕೊಡುತ್ತೇನೆ. ಇತ್ತೀಚೆಗೆ ತಂಡದ ಬೇರೆ ಹುಡುಗರೂ ನನ್ನ ಬಳಿಯೇ ತರುತ್ತಿರುವುದರಿಂದ ಯಂತ್ರದ ಹಣ ಬಹುಪಾಲು ಹುಟ್ಟಿದೆ. ಎತ್ತರದ ಹುಡುಗನಿಗೆ ಬ್ಲೇಡಿನ ಬಾಗು ಎಲ್ಲಿ ಮುಟ್ಟಬೇಕು, ತೂಕದ ಬಿಂದುವನ್ನು ಎಷ್ಟು ಹಿಂದಕ್ಕೆ ಸರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಚಳಿಗಾಲ ಬೇಕಾಯಿತು.

ಸ್ಟಿಕ್ಕಿನ ವಿಷಯಕ್ಕೆ ಬಂದರೆ, ಖಾರಾ ಅವರ ಎತ್ತರಕ್ಕೆಂದು ಲೀಗ್ 160 ಸೆಂಟಿಮೀಟರಿನ ಸಾಮಾನ್ಯ ಮಿತಿಯನ್ನು ಸಡಿಲಿಸಿ 165ರ ಸ್ಟಿಕ್ ಹಿಡಿಯಲು ಬಿಟ್ಟಿತ್ತು. ನಾನು ನಿಯಮದೊಳಗೇ ಇದ್ದು, ಕೋಚ್ ಹೇಳಿದ ಅಳತೆಗಿಂತ ಆರೇಳು ಸೆಂಟಿಮೀಟರ್ ಉದ್ದ ಮಾಡಿದೆ. ತುದಿಗೆ ಮರದ ತುಂಡು ಸೇರಿಸಿ ಉದ್ದ ಮಾಡಿದರೆ ಸ್ಟಿಕ್ ಮೆತ್ತಗಾಗುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಅದನ್ನು ಲೆಕ್ಕಕ್ಕೆ ಹಿಡಿಯದೆ 60 ಫ್ಲೆಕ್ಸಿನ ಎರಡು ಸ್ಟಿಕ್ ಮುರಿದುಕೊಂಡ ಮೇಲೆ 75ಕ್ಕೆ ನೆಲೆನಿಂತೆ. ದೊಡ್ಡವರ ತಂಡದಲ್ಲಿ ಬಳಸಿ ಬಿಟ್ಟ ಸ್ಟಿಕ್ಕುಗಳು 40–50 ಯೂರೋಗೆ ಸಿಗುತ್ತವೆ, ಬ್ಲೇಡಿನ ಹಿಮ್ಮಡಿ ಸೀಳದಿದ್ದರೆ ಅವೇ ಸಾಕು.

ಈ ಉದ್ದವನ್ನು ಬಳಸುವುದನ್ನು ಮಾತ್ರ ನಾನು ಹೇಳಿಕೊಟ್ಟದ್ದು ಕೊಡಗಿನ ಹುಲ್ಲಿನ ಮೈದಾನದಲ್ಲಿ ಕಲಿತ ಹಾಕಿಯಿಂದ. ಒಂದೇ ಕೈಯಲ್ಲಿ ಸ್ಟಿಕ್ ನೀಡಿ ಚುಚ್ಚಿ ಚೆಂಡು ಕೀಳುವ ನಮ್ಮ ಜ್ಯಾಬ್ ಮತ್ತು ಸ್ಟಿಕ್ಕಿನ ತುದಿಯಿಂದ ಪಕ್ ತಳ್ಳಿ ಕಸಿಯುವ ಇಲ್ಲಿಯ ಪೋಕ್ ಚೆಕ್ ದಾಯಾದಿಗಳೆಂದು ನನಗೆ ಅನ್ನಿಸಿತ್ತು. ಮೊದಲ ಪ್ರಯತ್ನ ಕೆಟ್ಟಿತು. ಹುಲ್ಲಿನ ಮೇಲೆ ಕಾಲೂರಿ ಮುಂದೆ ನುಗ್ಗಿ ಚುಚ್ಚುವಂತೆ ಇಲ್ಲಿ ಮಾಡಹೋದರೆ ಹಿಂದಕ್ಕೆ ಜಾರುತ್ತಿರುವ ದೇಹದ ಸಮತೋಲ ತಪ್ಪುತ್ತದೆ. ಮಗ ಮುಗ್ಗರಿಸಿದ, ಎದುರಾಳಿ ಪಕ್ಕದಿಂದ ಹಾದುಹೋದ, ಒಂದೇ ಪಂದ್ಯದಲ್ಲಿ ಎರಡು ಗೋಲು ಬಿದ್ದವು. ಆಮೇಲೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಸ್ಟಿಕ್ ಮೋಟಾಗಿದೆಯೆಂದು ಎದುರಾಳಿಗೆ ಕಾಣುವಂತೆ ಹಿಡಿದು, ಅವನು ಹತ್ತಿರ ಬಂದ ಮೇಲೆ ಪಾದದ ವೇಗ ತಗ್ಗಿಸದೆಯೇ ಕೈ ಮಾತ್ರ ಚಾಚಿ ತಕ್ಷಣ ಒಳಗೆಳೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿದೆ. ಎಟುಕುವುದಿಲ್ಲವೆಂದು ನಂಬಿದ ಹುಡುಗರ ಪಕ್ ಹೀಗೆ ಹಾರತೊಡಗಿತು. ಇದನ್ನು ನೆಲಮಾಳಿಗೆಯಲ್ಲಿ ಸ್ಕೇಟ್ ಇಲ್ಲದೆಯೇ ಮಾಡಿಸುತ್ತಿದ್ದ ಬಗೆ ನಮ್ಮ ಮನೆಯೊಳಗೇ ಇರಲಿ.

ನಡುವೆ ಊಟದ ಪ್ರಯೋಗವೂ ಆಯಿತು. 40ರ ಹೊತ್ತಿಗೆ ಖಾರಾ ಸಸ್ಯಾಹಾರಕ್ಕೆ ತಿರುಗಿದ್ದನ್ನು ಓದಿ, ನಾವೂ ಎಂಟು ವಾರ ಮನೆಯಲ್ಲಿ ಮಾಂಸ ನಿಲ್ಲಿಸಿದೆವು. ಬೆಳೆಯುವ ಹುಡುಗ ಸುಮಾರು 3 ಕಿಲೋ ಇಳಿದ, ನನ್ನ ಹೆಂಡತಿ ಆ ಪ್ರಯೋಗಕ್ಕೆ ತೆರೆ ಎಳೆದಳು. ಬೆಳಗಿನ ಅಭ್ಯಾಸಕ್ಕೆ ಮೊದಲು ಅವಳು ಕೊಡುತ್ತಿದ್ದ ರಾಗಿ ಗಂಜಿ ಮಾತ್ರ ಉಳಿಯಿತು, ಹೊಟ್ಟೆ ಭಾರವಾಗದೆ ಎರಡು ಗಂಟೆ ತಡೆಯುತ್ತದೆ.

ಎತ್ತರದವರು ಮಾತ್ರ ಡಿಫೆಂಡರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ನಿತ್ರಾ ತಂಡದಲ್ಲಿ ಹದಿಹರೆಯದಲ್ಲೇ ದೊಡ್ಡವರೊಡನೆ ಆಡಿದ ಶಿಮೊನ್ ನೆಮೆಟ್ಸ್ 2022ರ ಆಯ್ಕೆಯಲ್ಲಿ ಎರಡನೆಯವರಾಗಿ ನ್ಯೂಜೆರ್ಸಿಗೆ ಹೋದದ್ದು ಎತ್ತರದಿಂದಲ್ಲ, ಪಕ್ ಮೇಲಿನ ಹಿಡಿತದಿಂದ. ಅವರಂತೆ ಬೇಗ ಮಾಗುವ ಹುಡುಗರ ಪಕ್ಕದಲ್ಲಿಟ್ಟು ಅಳೆದರೆ ನನ್ನ ಮಗನಂಥವರು ಸೋತಂತೆಯೇ ಕಾಣುತ್ತಾರೆ, ಬಾಸ್ಕೆಟ್‌ಬಾಲ್ ಎಂದವರು ಅಳೆದದ್ದು ಹಾಗೆಯೇ. 1680 ಪಂದ್ಯಗಳನ್ನಾಡಿ, ಡಿಫೆಂಡರ್‌ಗಳಲ್ಲೇ ಅತಿ ಹೆಚ್ಚು ಆಡಿದವರೆನಿಸಿ, 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಖಾರಾ ಅವರೂ 24 ದಾಟುವವರೆಗೆ ಎಣಿಕೆಗೆ ಬಂದವರಲ್ಲ.

ಲೆಕ್ಕ ಹೇಳುವುದಾದರೆ ಎರಡೂವರೆ ವರ್ಷಕ್ಕೆ ಯಂತ್ರವೂ ಸೇರಿ ಸುಮಾರು 3,000 ಯೂರೋ ಖರ್ಚಾಗಿದೆ, ಅದರಲ್ಲಿ ಮೂರನೆಯ ಒಂದು ಪಾಲು ನನ್ನ ತಪ್ಪುಗಳಿಗೆ ತೆತ್ತದ್ದು. ಈ ಋತುವಿನ ಇಪ್ಪತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಮಗ ಹೊಡೆದದ್ದು ಎರಡೇ ಗೋಲು. ಆದರೆ ಕೊನೆಯ ನಿಮಿಷಗಳಲ್ಲಿ ಒಂದು ಗೋಲಿನ ಮುನ್ನಡೆ ಕಾಯಬೇಕಾದಾಗ ಕೋಚ್ ಈಗ ಮೊದಲು ಕರೆಯುವುದು ಅವನನ್ನೇ. ಹೊಡೆತದ ಅಭ್ಯಾಸವನ್ನು ಕಳೆದ ತಿಂಗಳಷ್ಟೇ ಆರಂಭಿಸಿದ್ದೇವೆ. ಈಗ 82 ಕಿಲೋ ತೂಗುವ ಅವನ ಕೈಯಲ್ಲಿ, ನೆಲಮಾಳಿಗೆಯಿಂದ ಮೇಲೆ ತಂದ ಆ 85 ಫ್ಲೆಕ್ಸಿನ ಸ್ಟಿಕ್ ಚೆನ್ನಾಗಿಯೇ ಬಾಗುತ್ತಿದೆ.