ನೆಲ ಮುಚ್ಚುವ ಮೊದಲು ಪೆಟ್ರೋಲ್ ಪೈಪು

ಬಳ್ಳಾರಿಯ ಸಿರುಗುಪ್ಪ ರಸ್ತೆ ಕಡೆ ಒಂದು ಶೆಡ್‌ನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ. ಪೂರ್ತಿ ಅಲ್ಯೂಮಿನಿಯಂ. ರೆಕ್ಕೆ ಮೇಲಿದೆ, ಟ್ಯಾಂಕು ರೆಕ್ಕೆಯೊಳಗೆ, ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್. ಕ್ಯಾಬಿನ್ ನೆಲ ಮತ್ತು ಪೆಟ್ರೋಲ್ ಪೈಪಿನ ಕೆಲಸ ಈಗ ಮುಗಿದಿದೆ. ನನ್ನ ಮಟ್ಟಿಗೆ ಇವೆರಡೂ ಒಂದೇ ಕೆಲಸ. ನೆಲದಡಿ ಏನು ಹೋಗುತ್ತೆ ಅಂತ ಗೊತ್ತಾಗದೆ ನೆಲ ಮುಚ್ಚಬಾರದು.

ಮೊದಲು ನೆಲದ ಹಾಳೆಯನ್ನು ಕ್ಲೆಕೊ (ರಿವೆಟ್ ತೂತಿಗೆ ಸಿಕ್ಕಿಸಿ, ಬೇಕಾದಾಗ ತೆಗೆಯುವ ಪಿನ್) ಹಾಕಿ ತಾತ್ಕಾಲಿಕವಾಗಿ ಕೂರಿಸಿದೆ. ಪೆಡಲ್, ಕಂಟ್ರೋಲ್ ಸ್ಟಿಕ್, ಅದರ ಕೇಬಲ್ ಎಲ್ಲವನ್ನೂ ಕೊನೆಯವರೆಗೆ ಆಡಿಸಿ, ಪೈಪಿಗೆ ಯಾವುದೂ ತಾಗದ ದಾರಿ ಗುರುತು ಮಾಡಿಕೊಂಡೆ. ಆಮೇಲೆ ಹಾಳೆ ಬಿಚ್ಚಿ, ತೂತುಗಳ ಅಂಚಿನ ಮುಳ್ಳು ತೆಗೆದು, ಒಳಮೈಗೆ ಎಪಾಕ್ಸಿ ಪ್ರೈಮರ್ ಹೊಡೆದೆ.

ಪೈಪು 5052 ದರ್ಜೆಯ ಅಲ್ಯೂಮಿನಿಯಂನದು, ಹೊರಗಿನ ಅಳತೆ 3/8 ಇಂಚು. ಬಾಗಿಸಲು ಬೆಂಡರ್ ಬೇಕೇ ಬೇಕು. ಕೈಯಲ್ಲಿ ಬಾಗಿಸಿದರೆ ಒಳಬದಿ ಚಪ್ಪಟೆಯಾಗುತ್ತೆ, ಅಲ್ಲೇ ಹರಿವು ಕಡಿಮೆಯಾಗುತ್ತೆ.

ಜಾಸ್ತಿ ಹೊತ್ತು ಹಿಡಿದದ್ದು ಪೈಪಿನ ಬಾಯಿ ಅಗಲಿಸುವ ಕೆಲಸ, ಅಂದರೆ ಫ್ಲೇರಿಂಗ್. ನಮ್ಮ ಏಸಿ ಮೆಕ್ಯಾನಿಕ್ ಪ್ರೀತಿಯಿಂದ, ‘ಅಣ್ಣಾ, ನನ್ನ ಟೂಲ್‌ನಾಗೇ ಮಾಡಿ ಕೊಡ್ತೀನಿ ಬಿಡ್ರಿ’ ಅಂದ. ಏಸಿ, ಫ್ರಿಜ್‌ನವರ ಟೂಲ್ 45 ಡಿಗ್ರಿಯದು. ವಿಮಾನದಲ್ಲಿ ಪೈಪು ಜೋಡಿಸುವ ಎಎನ್ ಗುಣಮಟ್ಟದ ಫಿಟ್ಟಿಂಗ್ 37 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದರ ಮೇಲೊಂದು ಸರಿಯಾಗಿ ಕೂರಲ್ಲ. ಹಾಗಾಗಿ 37ರ ಟೂಲ್ ತರಿಸಿದೆ. ಟ್ಯೂಬ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ, ಒಳಗಿನ ಅಂಚು ಕೆರೆದು, ನಟ್ ಮತ್ತು ಸ್ಲೀವ್ ಮೊದಲೇ ಏರಿಸಿ, ಒಂದು ಹನಿ ಎಣ್ಣೆ ಹಾಕಿ ನಿಧಾನವಾಗಿ ತಿರುಗಿಸಬೇಕು. ಆದ ಮೇಲೆ ಪ್ರತಿ ಬಾಯಿಯನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ತುಂಡು ಬೇಡ. ಈ ಫ್ಲೇರ್ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಲೇಬಾರದು. ಲೋಹಕ್ಕೆ ಲೋಹ ಕೂತೇ ಅದು ಮುಚ್ಚಿಕೊಳ್ಳುವುದು, ಹರಿದ ಟೇಪಿನ ಎಳೆ ಹೋಗಿ ಕಾರ್ಬ್ಯುರೇಟರ್‌ನಲ್ಲಿ ಕೂರುತ್ತೆ.

ಪೈಪು ತಗಡಿನ ತೂತಿನಲ್ಲಿ ಹಾಯುವ ಕಡೆಯೆಲ್ಲ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ನಡುನಡುವೆ ರಬ್ಬರ್ ಹೊದಿಸಿದ ಕ್ಲ್ಯಾಂಪ್. ಎಂಜಿನ್ ನಡುಕಕ್ಕೆ ತಗಡಿನ ಅಂಚು ಗರಗಸದ ಹಾಗೆ ಪೈಪನ್ನು ಕೊಯ್ಯುತ್ತೆ.

ನಮ್ಮೂರ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 40 ದಾಟುತ್ತೆ. ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾದರೆ ಎಂಜಿನ್‌ಗೆ ಹೋಗುವುದು ಬರೀ ಗುಳ್ಳೆ. ಅದಕ್ಕೆ ಬಿಸಿಯಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪನ್ನೂ ಈಗಲೇ ಎಳೆದೆ. ಇನ್ನೊಂದು ವಿಷಯ: ಬಂಕ್‌ಗಳಲ್ಲಿ ಈಗ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ರೋಟ್ಯಾಕ್ಸ್ ಕಂಪನಿ ಈ ಎಂಜಿನ್‌ಗೆ ಒಪ್ಪಿರುವುದು 10%ವರೆಗೆ. ಹಾಗಾಗಿ ನಾನು ಅವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್ ಲೆಕ್ಕದಲ್ಲೇ ಮುಂದುವರಿದಿದ್ದೇನೆ. ದುಬಾರಿ, ನಿಜ. ಆದರೆ ಇದರಲ್ಲಿ ರಾಜಿ ಇಲ್ಲ.

ಎಲ್ಲ ಜೋಡಿಸಿದ ಮೇಲೆ ಎರಡು ಪಿಎಸ್‌ಐನಷ್ಟು ಗಾಳಿ ತುಂಬಿ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ. ನಂತರ ಹರಿವಿನ ಪರೀಕ್ಷೆ. ಟೇಕಾಫ್‌ನಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತೆ. ಪಂಪ್ ಇಲ್ಲದೆ ಬರೀ ಇಳಿಜಾರಿನಿಂದ ಬರುವ ಪೆಟ್ರೋಲ್ ಇದರ ಒಂದೂವರೆ ಪಟ್ಟು, ಅಂದರೆ ಗಂಟೆಗೆ 40 ಲೀಟರ್ ದಾಟಬೇಕು. ವಿಮಾನದ ಮೂತಿಯನ್ನು ಮೇಲೇರುವ ಕೋನಕ್ಕೆ ಎತ್ತಿ, ಟ್ಯಾಂಕಿನಲ್ಲಿ ಸ್ವಲ್ಪವೇ ಇಟ್ಟು, ಎರಡೂ ಟ್ಯಾಂಕನ್ನು ಬೇರೆಬೇರೆಯಾಗಿ ಅಳತೆ ಕ್ಯಾನಿಗೆ ಹರಿಸಿದೆ. ಎರಡೂ ಪಾಸ್.

ಆಮೇಲೆಯೇ ನೆಲ ಕೂರಿಸಿದ್ದು. ಅಂಚಿಗೆ ರಿವೆಟ್ ಹೊಡೆದೆ. ಜಾಯಿಂಟ್, ವಾಲ್ವ್, ಗ್ಯಾಸ್ಕೊಲೇಟರ್ (ಪೆಟ್ರೋಲಿನ ನೀರು, ಕಸ ಹಿಡಿಯುವ ಬಟ್ಟಲು) ಇರುವ ಕಡೆ ಮಾತ್ರ ಸ್ಕ್ರೂ ಬಿಚ್ಚಿ ತೆಗೆಯುವ ಮುಚ್ಚಳ ಇಟ್ಟೆ. ಮುಚ್ಚುವ ಮೊದಲು ಪ್ರತಿ ಜಾಯಿಂಟಿನ ಫೋಟೊ ತೆಗೆದು ಲಾಗ್ ಪುಸ್ತಕಕ್ಕೆ ಅಂಟಿಸಿದ್ದೇನೆ. ಮುಂದೆ ಎಂಜಿನ್ ಕಡೆಯ ಹೋಸುಗಳಿಗೆ ಬೆಂಕಿ ತಡೆಯುವ ಕವಚ ಹಾಕುವ ಕೆಲಸ.