ಲಿವರ್ ಕೋಶ ಬದುಕಿದ್ದರೆ ಸಾಲದು, ದುಡಿಯಬೇಕು

ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದ ಕೋಶ ಬದುಕಿದೆ, ಅಷ್ಟೆ. ಅದು ಅಮೋನಿಯಾ ಕಳೆಯುತ್ತಿದೆ, ಆಲ್ಬುಮಿನ್ ಮಾಡುತ್ತಿದೆ ಎಂದೇನೂ ಅಲ್ಲ. ಯಕೃತ್ತಿನಿಂದ ಬಿಡಿಸಿದ ಹೆಪಟೊಸೈಟ್‌ಗಳು (ಲಿವರ್‌ನ ಮುಖ್ಯ ಕೋಶಗಳು) ಬರಿಯ ಪ್ಲಾಸ್ಟಿಕ್ ಮೇಲೆ ಕೆಲವೇ ದಿನಗಳಲ್ಲಿ ಚಪ್ಪಟೆಯಾಗಿ, ಔಷಧಗಳನ್ನು ಒಡೆಯುವ ಪಿ450 ಕಿಣ್ವಗಳನ್ನು ಕಳೆದುಕೊಳ್ಳುತ್ತವೆ. ಲಿವರ್ ಸೋತವರಿಗೆ ಆಸರೆಯಾಗುವ ಜೈವಿಕ ಸಾಧನಕ್ಕೆ ಅಂಥ ಕೋಶ ಹಾಕಿ ಫಲವಿಲ್ಲ. ಅವನ್ನು ಕೆಳಗೆ ಕೊಲ್ಯಾಜನ್ ಎಂಬ ಪ್ರೋಟೀನ್, ಮೇಲೆ ಜೆಲ್, ಹೀಗೆ ಎರಡು ಪದರಗಳ ನಡುವೆ ಸ್ಯಾಂಡ್‌ವಿಚ್‌ನಂತೆ ಇಟ್ಟರೆ ಹೆಚ್ಚು ಕಾಲ ದುಡಿಯುತ್ತವೆ. ಮೊದಲ ಪ್ರಯತ್ನವನ್ನು 24 ಗುಳಿಗಳ ಪ್ಲೇಟಿನಲ್ಲೇ ಮಾಡಿ.

ಗುಳಿಗಳ ತಳಕ್ಕೆ ಒಂದನೇ ಬಗೆಯ ಕೊಲ್ಯಾಜನ್ ಸವರಬೇಕು. 0.02 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಎಂಎಲ್‌ಗೆ 50 ಮೈಕ್ರೋಗ್ರಾಂನಂತೆ ಬೆರೆಸಿ, ಒಂದು ಗಂಟೆ ಬಿಟ್ಟು, ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ಚೆನ್ನಾಗಿ ತೊಳೆಯಿರಿ. ಆಮ್ಲ ಉಳಿದರೆ ಕೋಶ ಸಾಯುತ್ತವೆ.

ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ವಯಲ್ಲನ್ನು (ಪುಟ್ಟ ಸೀಸೆ) 37 ಡಿಗ್ರಿ ನೀರಿನಲ್ಲಿ ಅದ್ದಿ, ಒಳಗೆ ಅಕ್ಕಿಕಾಳಿನಷ್ಟು ಮಂಜು ಉಳಿದಾಗಲೇ ಹೊರತೆಗೆಯಿರಿ. ಗಿರಗಿರನೆ ಅಲುಗಾಡಿಸುವ ವೋರ್ಟೆಕ್ಸ್ ಯಂತ್ರ ಬೇಡವೇ ಬೇಡ. ಅಗಲ ಬಾಯಿಯ ಪಿಪೆಟ್ ಬಳಸಿ. ಜೀವಂತ ಕೋಶ ಶೇ. 80ಕ್ಕಿಂತ ಕಡಿಮೆಯಿದ್ದರೆ ಆ ವಯಲ್ ಮೇಲೆ ದುಬಾರಿ ಮೀಡಿಯಂ (ಕೋಶಗಳ ಪೋಷಕ ದ್ರವ) ಸುರಿಯಬೇಡಿ. ಗುಳಿಗೆ ಸುಮಾರು 3 ಲಕ್ಷ ಕೋಶ, ಅರ್ಧ ಎಂಎಲ್ ಮೀಡಿಯಂ: ವಿಲಿಯಮ್ಸ್ ಇ ಎಂಬ ಮೂಲ ದ್ರಾವಣ, ಇನ್ಸುಲಿನ್, 100 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್ (ಒಂದು ಸ್ಟೀರಾಯ್ಡ್), ಶೇ. 5 ಸೀರಮ್. ಪ್ಲೇಟನ್ನು ಹಿಂದೆ-ಮುಂದೆ, ಎಡ-ಬಲ ಆಡಿಸಿ. ದುಂಡಗೆ ತಿರುಗಿಸಿದರೆ ಕೋಶಗಳೆಲ್ಲ ನಡುವೆ ಗುಡ್ಡೆ ಬೀಳುತ್ತವೆ, ಅಂಚು ಖಾಲಿ.

ನಾಲ್ಕರಿಂದ ಆರು ಗಂಟೆಯಲ್ಲಿ ಕೋಶ ಅಂಟಿಕೊಂಡಿರುತ್ತವೆ. ತೇಲುವ ಸತ್ತವನ್ನು ತೆಗೆದು, ಸೀರಮ್ ಇಲ್ಲದ ಮೀಡಿಯಂ ಕೊಡಿ. ಮರುದಿನ ಎಂಎಲ್‌ಗೆ 0.25 ಮಿಲಿಗ್ರಾಂ ಮ್ಯಾಟ್ರಿಜೆಲ್ (ಬೆಚ್ಚಗಾದರೆ ಗಟ್ಟಿಯಾಗುವ ಪ್ರೋಟೀನ್ ಜೆಲ್) ಬೆರೆತ ತಣ್ಣನೆಯ ಮೀಡಿಯಂ ಹಾಕಿ, ಇದೇ ಮೇಲಿನ ಪದರ. ಪಿಪೆಟ್‌ನ ಟಿಪ್ ಕೂಡ ಮಂಜಿನ ಮೇಲಿರಲಿ, ಇಲ್ಲದಿದ್ದರೆ ಜೆಲ್ ಅದರೊಳಗೇ ಗಟ್ಟಿಯಾಗುತ್ತದೆ. ಸರಿಯಾಗಿ ಕೂತರೆ ಮುಂದಿನ ದಿನಗಳಲ್ಲಿ ಕೋಶಗಳ ನಡುವೆ ಹೊಳೆಯುವ ಬಿಳಿ ಗೆರೆ ಕಾಣುತ್ತದೆ, ಅವೇ ಪಿತ್ತ ಹರಿಯುವ ಕಿರುಕಾಲುವೆಗಳು.

ಮೀಡಿಯಂ ದಿನವೂ ಬದಲಿಸಿ. ರಜೆಗೆ ಹೋಗುವಾಗ ಒಂದೂವರೆ ಎಂಎಲ್ ತುಂಬಿಸುವ ಚಾಳಿ ಕೆಲವರಿಗಿದೆ. ಕೋಶ ಕೆಡುವುದು ಅಲ್ಲೇ. ಇವು ಆಮ್ಲಜನಕಕ್ಕೆ ಹಸಿದ ಕೋಶಗಳು. ಅರ್ಧ ಎಂಎಲ್ ಎಂದರೆ ಎರಡೂವರೆ ಮಿಲಿಮೀಟರ್ ಎತ್ತರ. ಅದು ಎಂಟಾದರೆ ಮೇಲಿನ ಗಾಳಿ ತಳಕ್ಕೆ ಸಾಕಷ್ಟು ಇಳಿಯುವುದಿಲ್ಲ.

ದುಡಿಯುವ ಲಿವರ್ ಕೋಶ ಅಮೋನಿಯಾವನ್ನು ಯೂರಿಯಾ ಆಗಿಸುತ್ತದೆ. ಅದರ ಪರೀಕ್ಷೆಗೆ 1 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಕೊಟ್ಟು, 24 ಗಂಟೆಯ ಬಳಿಕ ಯೂರಿಯಾ, ಅಮೋನಿಯಾ ಎರಡನ್ನೂ ಅಳೆಯಿರಿ. ಕೋಶವಿಲ್ಲದ ಒಂದು ಗುಳಿಯೂ ಜೊತೆಗಿರಲಿ. ಯೂರಿಯಾ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ: ಮೀಡಿಯಂನಲ್ಲಿರುವ ಆರ್ಜಿನೈನ್ ಎಂಬ ಅಮೈನೋ ಆಮ್ಲ ಒಡೆದರೂ ಯೂರಿಯಾ ಬರುತ್ತದೆ. ಲಿವರ್ ಗೆಡ್ಡೆಯಿಂದ ಬಂದ ಸಿ3ಎ ಕೋಶಗಳಲ್ಲಿ ಆಗುವುದು ಇದೇ. ಯೂರಿಯಾ ಕಾಣುತ್ತದೆ, ಅಮೋನಿಯಾ ಮಾತ್ರ ಇದ್ದಲ್ಲೇ ಇರುತ್ತದೆ.